ಅರೆಟೊಳ್ಳು

ಕೆಳದವಡೆಯನ್ನು ಗಿಟಾರಿನ ಅಂಚಿಗೆ ಒತ್ತಿ ಅವನು ಕಣ್ಣು ಮುಚ್ಚಿದ. ಅಂಗಡಿಯಾಕೆ ನಕ್ಕುಬಿಟ್ಟಳು.

"ಕಚ್ಚಿ ನೋಡ್ತೀರಾ ಸಾರ್? ಸೌತೆಕಾಯಿ ಅಲ್ಲ ಅದು."

ಅವನ ಕಿವಿ ಬಿಸಿಯಾಯಿತು. ಮನೆಯಲ್ಲಿ ಅವನು ಕೇಳುವುದೇ ಹೀಗೆ, ಮೂಳೆಯ ಮೂಲಕ. ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಮೀಟಿ ದವಡೆಯನ್ನು ಮರಕ್ಕೆ ಕೊಟ್ಟರೆ ಸದ್ದು ಕೋಣೆಗೆ ಬಾರದೆ ನೇರ ತಲೆಯೊಳಕ್ಕೆ ಇಳಿಯುತ್ತದೆ. ನೋಡುವವರಿಗೆ ಇದು ಹೇಗೆ ಕಾಣಬಹುದೆಂದು ಅವನು ಎಂದೂ ಯೋಚಿಸಿರಲಿಲ್ಲ. ಯಾರ ಮುಂದೆಯೂ ನುಡಿಸಿಯೇ ಇರಲಿಲ್ಲವಲ್ಲ.

"ಹಳೇದಕ್ಕೇನಾಯ್ತು?"

"ಕತ್ತು ಸೊಟ್ಟಗಾಯ್ತು."

"ಗಿಟಾರ್‌ದೋ, ನಿಮ್ದೋ?"

ಅವನು ನಗಲಿಲ್ಲ. ಬಳಸಿದ ವಾದ್ಯಗಳ ಅಂಗಡಿ ಅದು. ಗೋಡೆಯ ತುಂಬ ಯಾರ್ಯಾರೋ ಕೈಬಿಟ್ಟ ಹವ್ಯಾಸಗಳು ತೂಗಾಡುತ್ತಿದ್ದವು. ಅವನಿಗೆ ಬೇಕಾದದ್ದು ಅರೆಟೊಳ್ಳು ಗಿಟಾರು: ನಡುವೆ ಗಟ್ಟಿ ದಿಮ್ಮಿ, ಎರಡು ಪಕ್ಕವೂ ಖಾಲಿ. ಕರೆಂಟಿಗೆ ಸಿಕ್ಕಿಸದೆ ನುಡಿಸಿದರೆ ಪೂರ್ತಿ ಟೊಳ್ಳಿನದ್ದರಂತೆ ಮನೆ ತುಂಬುವುದಿಲ್ಲ, ಗಟ್ಟಿಯದ್ದರಂತೆ ಮೂಕವೂ ಆಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರಿಗಾಗಿಯೇ ಹುಟ್ಟಿದ ವಾದ್ಯ. ಅವನ ಜೇಬಿಗೆ ಒಗ್ಗುವಂಥವು ಅಲ್ಲಿ ಎರಡೇ ಇದ್ದವು, ಒಂದು ಕೆಂಪು, ಇನ್ನೊಂದು ಕಂದು.

"ಕೆಂಪುದು ತಗೊಳ್ಳಿ. ಬಾಯಿದೆ ಅದಕ್ಕೆ."

"ಮೆತ್ತಗಿರೋದು ಯಾವುದು?"

"ಬಂದೋರೆಲ್ಲಾ ಜೋರಾಗಿರೋದು ಕೇಳ್ತಾರಪ್ಪಾ."

"ಮನೇಲಿ ಮಲಗಿರ್ತಾರೆ."

"ಮಗುನಾ?"

"ಹೆಂಡತಿ."

"ಎಚ್ಚರ ಆದ್ರೆ ಬೈತಾರಾ?"

"ಗೊತ್ತಿಲ್ಲ," ಎಂದ. ಅದು ನಿಜವಾಗಿತ್ತು. ಅವಳು ಎಚ್ಚರಗೊಂಡದ್ದೇ ಇಲ್ಲ, ಅವನು ಬಿಟ್ಟಿದ್ದರೆ ತಾನೆ.

ಅವಳಿಗೆ ಬೇಕರಿಯಲ್ಲಿ ಕೆಲಸ. ನಸುಕಿಗೆ ಮೊದಲೇ ಹಿಟ್ಟು ನಾದಬೇಕು, ಹಾಗಾಗಿ ಕತ್ತಲಾಗುವಷ್ಟರಲ್ಲಿ ಮಲಗುತ್ತಾಳೆ. ಅವನು ಮನೆಗೆ ಬರುವುದಕ್ಕೂ ಅವಳು ಹಾಸಿಗೆಗೆ ಹೋಗುವುದಕ್ಕೂ ನಡುವೆ ಒಂದು ಊಟವಿದೆ, ಸೋರುವ ನಲ್ಲಿಯ ಬಗ್ಗೆ ಒಂದೆರಡು ಮಾತಿದೆ. ಆಮೇಲೆ ಅವಳ ನಿದ್ದೆಯನ್ನು ಕಾಯುವುದೇ ಅವನ ಪ್ರೀತಿ. ನಿಷ್ಠಾವಂತ ಕಾವಲುಗಾರ. ಆದರೆ ಕಾವಲುಗಾರನನ್ನು ಯಾರೂ ಮಾತಾಡಿಸುವುದಿಲ್ಲ.

ಅವನು ಕೋರ್ಟಿನಲ್ಲಿ ದುಭಾಷಿ. ಇವತ್ತು ಬೆಳಿಗ್ಗೆಯೂ ಕಟಕಟೆಯ ಪಕ್ಕ ನಿಂತು 'ಬಾಗಿಲು ಒಡೆದದ್ದು ನಾನೇ' ಎಂದಿದ್ದ, 'ನನಗೆ ಯಾರೂ ಇಲ್ಲ ಸ್ವಾಮಿ' ಎಂದಿದ್ದ. ಒಡೆದವನು ಬೇರೆ, ಯಾರೂ ಇಲ್ಲದವನು ಇನ್ನೂ ಬೇರೆ. ದಿನವಿಡೀ ಅವನ ಬಾಯಲ್ಲಿ ಬೇರೆಯವರೇ ಸಂಸಾರ ಹೂಡಿರುತ್ತಾರೆ. ಗಿಟಾರೊಂದು ತನ್ನದು. ಅವಳು ಅದನ್ನು ಒಮ್ಮೆಯಾದರೂ ಕೇಳಲಿ ಎಂದು ಅವನಿಗೆ ತುಂಬ ಆಸೆ. ಕೇಳಿ, ಸುಮ್ಮನೆ ತಲೆಯಾಡಿಸಿ, ಮತ್ತೆ ನಲ್ಲಿಯ ಮಾತೆತ್ತಿದರೆ? ಆ ಭಯ ಆಸೆಗಿಂತ ದೊಡ್ಡದು.

"ಒಂದ್ಸಲ ಕೈ ಬಿಟ್ಟು ಹೊಡೀರಿ ಸಾರ್. ನೀವು ನುಡಿಸ್ತಿದೀರೋ, ಸಮಾಧಾನ ಮಾಡ್ತಿದೀರೋ ಗೊತ್ತಾಗ್ತಿಲ್ಲ."

ಅವನು ಕೈಯೆತ್ತಿದ. ಕೈ ಎಂದಿನಂತೆ ಬೆಕ್ಕಿನ ಹೆಜ್ಜೆಯಲ್ಲೇ ಇಳಿಯಿತು.

"ಕಂದು ಬಣ್ಣದ್ದೇ ಕೊಡಿ," ಎಂದ.

ಮನೆ ಸೇರುವಾಗ ತಡವಾಗಿತ್ತು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು, ಊಟ ಮೇಜಿನ ಮೇಲಿತ್ತು. ಅವನು ಊಟ ಮುಟ್ಟದೆ ಅಡಿಗೆಮನೆಯ ಕುರ್ಚಿಯಲ್ಲಿ ಕೂತು, ಕದ್ದ ಮಾಲು ಬಿಚ್ಚುವವನಂತೆ ಚೀಲದ ಜಿಪ್ಪು ಎಳೆದ. ದವಡೆ ಒತ್ತಿದ, ಮೀಟಿದ. ಹಳೆಯದಕ್ಕಿಂತ ದುಂಡಗಿನ ಸದ್ದು. ಖುಷಿಯಾಯಿತು. ತನಗೇ ಇಷ್ಟು ಖುಷಿಯಾದುದು ಅವನಿಗೆ ವಿಚಿತ್ರವೆನಿಸಿತು.

ಬಾಗಿಲು ತೆರೆಯಿತು. ಅವಳು ಕೆದರಿದ ಕೂದಲಲ್ಲಿ ನಿಂತಿದ್ದಳು.

"ಎಬ್ಬಿಸಿಬಿಟ್ನಾ? ಮೆತ್ತಗಿರೋದೇ ನೋಡಿ ತಂದಿದ್ದೆ..."

"ಗಿಟಾರ್ ಅಲ್ಲ ರೀ. ಅದು ಯಾವತ್ತು ಕೇಳ್ಸಿದೆ? ನಿಮ್ಮ ಕಾಲು."

"ಕಾಲು?"

"ಹಿಮ್ಮಡಿ. ನೆಲಕ್ಕೆ ಕುಟ್ತೀರಲ್ಲ ದಿನಾ, ಟಕ್ ಟಕ್ ಅಂತ. ಮಂಚಕ್ಕೆ ಬರತ್ತೆ ಅದು."

ಅವನು ತನ್ನ ಹಿಮ್ಮಡಿಯನ್ನು ನೋಡಿದ. ಅದು ಏನೂ ಅರಿಯದಂತೆ ನೆಲದ ಮೇಲಿತ್ತು. ಇಷ್ಟು ವರ್ಷ ತಂತಿಗಳ ಕತ್ತು ಹಿಸುಕಿ, ಕಾಲನ್ನು ಬಿಟ್ಟುಬಿಟ್ಟಿದ್ದ.

"ಮತ್ತೆ ಹೇಳ್ಲೇ ಇಲ್ಲ ನೀನು?"

"ಏನಂತ ಹೇಳ್ಲಿ? ಅದು ಶುರುವಾದ್ರೇನೇ ನಂಗೆ ನಿದ್ದೆ. ಇವತ್ತು ನೀವಿಲ್ಲ, ಒಬ್ಬಳೇ ಹೊರಳಾಡ್ತಿದ್ದೆ. ಈಗ ಟಕ್ ಟಕ್ ಕೇಳ್ತು, ಬಂದ್ರಲ್ಲಾ ಅಂತ ಎದ್ದು ಬಂದೆ." ಅವಳು ಬಂದು ಎದುರಿಗೆ ಗೋಡೆಗೊರಗಿ ನೆಲದ ಮೇಲೆ ಕೂತಳು. "ತಾಳ ಎಲ್ಲಾ ಗೊತ್ತು ನಂಗೆ. ನಾಲ್ಕನೇ ಪೆಟ್ಟಿಗೆ ಯಾವಾಗ್ಲೂ ತಡ ಮಾಡ್ತೀರ. ಹಾಡು ಯಾವುದು ಅಂತ ಮಾತ್ರ ಇವತ್ತಿಗೂ ಗೊತ್ತಿಲ್ಲ. ಕೋಣನ ಮುಂದೆ ಕಿನ್ನರಿ ಯಾಕೆ ಅಂದ್ಕೊಂಡ್ರಾ?"

"ಛೆ, ಹಾಗಲ್ಲ."

"ಮತ್ತೆ?"

ಕೋರ್ಟಿನಲ್ಲಾಗಿದ್ದರೆ ಎರಡು ಭಾಷೆಯಲ್ಲಿ ಉತ್ತರವಿರುತ್ತಿತ್ತು. ಇಲ್ಲಿ ಇದ್ದದ್ದು ಒಂದೇ ಪದ.

"ಹೆದರಿಕೆ," ಎಂದ.

ಅವಳು ನಗಲಿಲ್ಲ. "ನಾನೂ ದಿನಾ ಹೆದರ್ಕೊಂಡೇ ಒಲೆ ಬಾಗಿಲು ತೆಗೆಯೋದು. ಬ್ರೆಡ್ಡು ಉಬ್ಬಿದೆಯೋ ಇಲ್ವೋ ಅಂತ. ನುಡಿಸಿ."

ಅವನು ದವಡೆಯನ್ನು ಮರದಿಂದ ತೆಗೆದ. ಮೀಟಿದ ಸದ್ದು ಮೊದಲ ಬಾರಿ ಹೊರಗಿನಿಂದ, ಗಾಳಿಯಿಂದ, ಅವನ ಕಿವಿಗೆ ಬಂತು. ತೆಳ್ಳಗಿತ್ತು, ಬೇರೆ ಯಾರೋ ನುಡಿಸಿದಂತಿತ್ತು. ಹಿಮ್ಮಡಿ ನಾಚಿ ಮರಗಟ್ಟಿತ್ತು, ತಾಳ ಎರಡು ಕಡೆ ಕೈಕೊಟ್ಟಿತು. ಆದರೂ ಅವನು ಮೊದಲ ಸಾಲು ದಾಟಿದ, ಎರಡನೆಯದಕ್ಕೆ ಹೋದ.

"ಕೇಳಿಸ್ತಾ ಇದೆಯಾ?"

ಅವಳ ತಲೆ ಗೋಡೆಗೊರಗಿತ್ತು, ಕಣ್ಣು ಮುಚ್ಚಿತ್ತು. ಅಂಗೈ ನೆಲಕ್ಕೆ ಊರಿತ್ತು. ಕೇಳುತ್ತಿದ್ದಾಳೋ, ನಿದ್ದೆ ಹೋದಳೋ ತಿಳಿಯಲಿಲ್ಲ. ಎಂದಿನ ಕಾವಲುಗಾರ ಈಗ ಕೈ ನಿಲ್ಲಿಸಿ, ದೀಪ ಆರಿಸಿ, ಹೊದಿಕೆ ತರಬೇಕಿತ್ತು.

ಅವಳು ಏಳಲಿ ಎಂದು ಅವನು ಇನ್ನಷ್ಟು ಜೋರಾಗಿ ಮೀಟಿದ.