ಕುದಿಸಿ ನೋಡಿದ ಪ್ರೋಟೀನು

ಲಸಿಕೆಗೆ ಬಲ ತುಂಬುವ ಬ್ಯಾಕ್ಟೀರಿಯಾದ ಪ್ರೋಟೀನೊಂದು ಕೊನೆಗೂ ಕೈಗೆ ಸಿಕ್ಕಿತೆಂದು ಘಣಸೋಲಿಯ ಲ್ಯಾಬಿನಲ್ಲಿ ಸೂರ್ಯನಾರಾಯಣ ಸರ್ ಪೇಡೆ ಹಂಚುತ್ತಿದ್ದರು. ಅದನ್ನು ಬೆರೆಸಿದರೆ ಸಾಕು, ಬಿಳಿ ರಕ್ತಕಣಗಳು ಮೈಕೊಡವಿ ಏಳುತ್ತಿದ್ದವು.

ಅವರ ಕೈಕೆಳಗಿನ ಸಂಶೋಧಕಿ ಪ್ರಕೃತಿ ಮಾತ್ರ ಪೇಡೆಯನ್ನು ತಿನ್ನದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಅನುಮಾನ ಬಂದು ನಿನ್ನೆ ಅವಳು ಅದೇ ಪ್ರೋಟೀನನ್ನು ಕುದಿಸಿ ಕಣಗಳಿಗೆ ಬೆರೆಸಿಟ್ಟಿದ್ದಳು. ಕುದಿದ ಪ್ರೋಟೀನು ಕೆಟ್ಟು ಕಣಗಳು ಸುಮ್ಮನಿರಬೇಕಿತ್ತು. ಬೆಳಗ್ಗೆ ನೋಡಿದರೆ ಅವು ಎಂದಿನಂತೆ ಎದ್ದು ಕೂತಿದ್ದವು. ಅಂದರೆ ಎಬ್ಬಿಸಿದ್ದು ಪ್ರೋಟೀನಲ್ಲ, ಅದಕ್ಕೆ ಅಂಟಿಕೊಂಡು ಬಂದ, ಕುದಿಗೂ ಜಗ್ಗದ ಬ್ಯಾಕ್ಟೀರಿಯಾದ ಕೊಳೆ.

ಅವಳು ಎಲ್ಲವನ್ನೂ ಹೇಳಿದಳು. ಸರ್ ಪೇಡೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಕುದಿಸಿ ನೋಡು ಅಂತ ಯಾರು ಹೇಳಿದ್ರಮ್ಮ?"

"ಯಾರೂ ಇಲ್ಲ ಸರ್."

ಪೇಡೆಯ ಡಬ್ಬಿಯನ್ನು ಅವಳತ್ತ ಸರಿಸುತ್ತ ಅವರೆಂದರು, "ನಾನು ಹೇಳಬೇಕಿತ್ತು."