ಖಾಲಿ ಕೆರೆಯ ಎಣಿಕೆ

ದರೋಜಿ ಕೆರೆಯಲ್ಲಿ ಒಂದು ಪಟ್ಟೆತಲೆ ಹೆಬ್ಬಾತೂ ಇರಲಿಲ್ಲ. ಹಕ್ಕಿ ಗಣತಿಯ ಸ್ವಯಂಸೇವಕಿ ಸ್ಫೂರ್ತಿ ಕೂರಲಾರದೆ ಏರಿಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದಳು. ಈ ಕೆರೆಯೇ ಬೇಕೆಂದು ಹಟ ಹಿಡಿದು ಪಡೆದವಳು ಅವಳು.

ಕಂಪ್ಲಿಯ ಗದ್ದೆಗಳಲ್ಲಿ ಎಣಿಸುತ್ತಿದ್ದ ತಿಪ್ಪೇಶ್ ಫೋನ್ ಮಾಡಿದ. “ಅಕ್ಕಾ, ಹಿಂಡು ಇಲ್ಲೇ ಇಳದೈತಿ, ಮಸ್ತ್ ಕಾಣ್ತೈತಿ! ಖಾಲಿ ನೀರ ಏನ್ ಎಣಿಸ್ತೀರಿ? ಜಲ್ದಿ ಬರ್ರಿ.”

ಫೋನ್ ಹಿಡಿದೇ ಸ್ಕೂಟರ್ ಚಾಲೂ ಮಾಡಿದಳು. ಆದರೆ ಗಣತಿಯ ಸಮಯ ಮುಗಿದಿರಲಿಲ್ಲ. ಈಗ ಹೋದರೆ ದರೋಜಿಯನ್ನು ಯಾರೂ ನೋಡಲಿಲ್ಲ ಎಂದಾಗುತ್ತದೆ. ಹಕ್ಕಿ ಬರಲಿಲ್ಲ ಎಂಬುದು ದಾಖಲಾಗುವುದಿಲ್ಲ.

“ನಾ ಬರಂಗಿಲ್ಲ. ನೀನೇ ಎಣಿಸು.”

“ಸಿಟ್ಟೇನ್ರಿ?”

“ಹೂಂ, ಹಕ್ಕಿ ಮ್ಯಾಲೆ.”

ಸ್ಕೂಟರ್ ಬಂದ್ ಮಾಡಿ ಮತ್ತೆ ದುರ್ಬೀನು ಎತ್ತಿದಳು. ಸಮಯ ಮುಗಿದಾಗ ಆ್ಯಪ್‌ನಲ್ಲಿ ಹೆಬ್ಬಾತಿನ ಎದುರು ಸೊನ್ನೆ ಒತ್ತಿದಳು. ಕಳಿಸುವ ಮುನ್ನ ಇನ್ನೊಮ್ಮೆ ನೀರಿನತ್ತ ನೋಡಿದಳು.