ಭುಜ ಸರಿಯಾಗಿರಲಿ

ಮುಗಿಲಮಲ್ಲನಿಗೆ ಕಣ್ಣು ಬರುವುದು ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಮೊದಲು ಅವನನ್ನು ಅಚ್ಚಿನಿಂದ ಕಿತ್ತು, ಅಂಚು ಕೆರೆದು, ತೂತುಗಳಿಗೆ ಪುಟ್ಟಿ ಮೆತ್ತಿ, ಉಜ್ಜಿ, ನೀಲಿ ಬಟ್ಟೆ ತೊಡಿಸಿ, ಬೆನ್ನಿಗೆ ಕೆಂಪು ಮೇಲುವಸ್ತ್ರ ಅಂಟಿಸಿ ಆಗಿರುತ್ತದೆ. ಅಲ್ಲಿಯವರೆಗೆ ಊರು ಕಾಯುವ ಶೂರ ಸಾಲಾಗಿ ಹಲಗೆಯ ಮೇಲೆ ಕುರುಡನಾಗಿ ನಿಂತಿರುತ್ತಾನೆ. ಆ ಬೊಂಬೆ ಕಾರ್ಖಾನೆಯಲ್ಲಿ ಕಣ್ಣು ಬರೆಯುವ ಕೆಲಸ ಇಪ್ಪತ್ತೆರಡು ವರ್ಷದಿಂದ ಒಬ್ಬಳದೇ. ಅವಳನ್ನು ಎಲ್ಲರೂ ಕರೆಯುವುದು ಕಣ್ಣಕ್ಕ ಎಂದು. ನಾಲ್ಕು ಕೂದಲಿನ ಬ್ರಶ್ಶು, ಬಿಗಿಹಿಡಿದ ಉಸಿರು, ಎರಡು ಚುಕ್ಕೆ. ಉಸಿರು ಬಿಡುವುದರೊಳಗೆ ಒಬ್ಬ ಲೋಕವನ್ನು ನೋಡಲು ಶುರುಮಾಡಿರುತ್ತಾನೆ.

ಈ ಸಲದ ಮುಗಿಲಮಲ್ಲ ಸಾಮಾನ್ಯನಲ್ಲ. ಅವನ ಚಿತ್ರಕಥೆಯ ಮೊದಲ ಪುಸ್ತಕ ಬಂದು ಐವತ್ತು ವರ್ಷವಾಯಿತೆಂದು ಮಾಡಿಸುತ್ತಿದ್ದ ಮೂರ್ತಿ ಅದು. ಒಂದೂವರೆ ಅಡಿ ಎತ್ತರ, ಎಂಟುನೂರು ಪ್ರತಿ, ಪ್ರತಿಯೊಂದರ ಅಂಗಾಲಿನಲ್ಲೂ ನಂಬರು. ಹೆಸರು 'ಮೊದಲ ಜಿಗಿತ'. ತಾರಸಿಯ ಅಂಚಿನಿಂದ ಕೈ ಚಾಚಿ, ಮುಗಿಲು ನೋಡುತ್ತ ಹಾರಿದ ಭಂಗಿ. ಗಾಳಿಯಲ್ಲಿ ನಿಲ್ಲಲೆಂದು ಕಾಲಡಿಗೆ ಒಂದು ಗಾಜಿನಂಥ ಕಂಬಿ. ಕೊಳ್ಳುವವರು ಮಕ್ಕಳಲ್ಲ. ಮಕ್ಕಳಿಗೆ ಕೊಟ್ಟರೆ ಆಟವಾಡಿಬಿಟ್ಟಾವು. ಕೊಳ್ಳುವವರು ಐವತ್ತು ದಾಟಿದ ಗಂಡಸರು, ಪೆಟ್ಟಿಗೆ ತೆರೆದರೆ ಬೆಲೆ ಇಳಿದೀತೆಂದು ಶೂರನ ಮುಖ ನೋಡದೆಯೇ ಕಪಾಟಿನಲ್ಲಿಟ್ಟು ಬೀಗ ಹಾಕುವವರು.

ಪೆಟ್ಟಿಗೆಯೊಳಗೆ ಮೂರ್ತಿಯ ಜೊತೆ ಒಂದು ಕಾರ್ಡು, ಅದರಲ್ಲಿ ಅವನ ಚರಿತ್ರೆ. ಮುಗಿಲಮಲ್ಲ ಹಗಲಲ್ಲಿ ಒಂದು ಎತ್ತರದ ಕಟ್ಟಡದಲ್ಲಿ ಲಿಫ್ಟು ನಡೆಸುವವನು. ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸಿ ಬೇಸರ ಬಂದು ತಾನೇ ಹಾರಲು ಕಲಿತವನು. ಕುಸಿಯುವ ಸೇತುವೆಯೊಂದನ್ನು ಎಡಭುಜದಲ್ಲಿ ಎತ್ತಿ ಹಿಡಿದಾಗಿನಿಂದ ಆ ಭುಜ ಅರ್ಧ ಬೆರಳು ಕೆಳಗೆ. ತೊಂಬತ್ತನೆಯ ಪುಸ್ತಕದಲ್ಲಿ ಸತ್ತ. ತೊಂಬತ್ತೊಂದರಿಂದ ಪುಸ್ತಕ ಯಾರೂ ಕೊಳ್ಳದಾದಾಗ ತೊಂಬತ್ತನಾಲ್ಕರಲ್ಲಿ ಎದ್ದು ಬಂದ. ಸಾವಿನಿಂದಲೂ ಎದ್ದ, ಭುಜ ಮಾತ್ರ ಏಳಲಿಲ್ಲ. ಆಮೇಲೆ ಬಂದ ಇನ್ನೊಬ್ಬ ಕತೆಗಾರ ಅದು ಸೇತುವೆಯ ಭಾರವಲ್ಲ, ನಗರದ ದುಃಖದ ಭಾರ ಎಂದು ತಿದ್ದಿದ. ಓದುಗರು ಕಣ್ಣೀರಿಟ್ಟರು. ಕಾರ್ಡಿನಲ್ಲಿ ಎರಡನ್ನೂ ಹಾಕಿದ್ದರು, ಯಾರಿಗೆ ಯಾವುದು ಬೇಕೋ ಅದು.

ಆ ಭುಜ ಯಾಕೆ ಕೆಳಗಿದೆಯೆಂಬುದು ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬಳು ಕಣ್ಣಕ್ಕ. ಇನ್ನೊಬ್ಬ ಅವಳ ಅಣ್ಣ.

ಮುಗಿಲಮಲ್ಲನನ್ನು ಬರೆದವನು ಅವರ ಅಪ್ಪ. ಹಾರುವ ಮನುಷ್ಯನನ್ನು ಮನಸ್ಸಿನಿಂದ ಬರೆಯಲು ಅಪ್ಪನಿಗೆ ಬರುತ್ತಿರಲಿಲ್ಲ. ಹದಿಮೂರರ ಮಗನ ಕೊರಳಿಗೆ ಮೇಜಿನ ಹೊದಿಕೆ ಕಟ್ಟಿ, ಮನೆಯ ಹಿಂದಿನ ಶೆಡ್ಡಿನ ಮೇಲೆ ಹತ್ತಿಸಿ, ಕೆಳಗೆ ಹಾಸಿಗೆ ಹಾಸಿ, "ಕೆಳಗೆ ನೋಡಬೇಡ, ಮುಗಿಲು ನೋಡು" ಎಂದು ಹಾರಿಸುತ್ತಿದ್ದ. ಒಂದೇ ಸಂಜೆ ಆರು ಸಲ ಹಾರಿಸಿದ. ಮುಖಪುಟ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮರುದಿನ ಬೆಳಗ್ಗೆ ಎದ್ದು ನೋಡಿದರೆ ಚಿತ್ರದ ಬಲಗೈ ಬೆರಳು ಅವನಿಗೆ ಒಪ್ಪಲಿಲ್ಲ. ಇನ್ನೊಂದೇ ಒಂದು ಸಲ ಎಂದ. ಆ ಹಾಸಿಗೆಯಲ್ಲಿ ರಾತ್ರಿ ಮಲಗಿದ್ದವಳು ಐದು ವರ್ಷದ ತಂಗಿ. ತಂಗಿ ಹಾಸಿಗೆ ಒದ್ದೆ ಮಾಡಿದ್ದಳು. ಅಮ್ಮ ಅದನ್ನು ತೊಳೆದು ಆಚೆ ಗೋಡೆಯ ಮೇಲೆ ಬಿಸಿಲಿಗೆ ಹಾಕಿದ್ದಳು. ಅಪ್ಪ ಕಾಗದ ನೋಡುತ್ತಿದ್ದ, ಮಗ ಮುಗಿಲು ನೋಡುತ್ತಿದ್ದ.

ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ. ಎರಡನೆಯ ಪುಸ್ತಕದಿಂದ ಅಪ್ಪ ಮುಗಿಲಮಲ್ಲನ ಎಡಭುಜವನ್ನು ಇಳಿಸಿಯೇ ಬರೆದ, ಸಾಯುವವರೆಗೂ. ಯಾಕೆಂದು ಯಾರಿಗೂ ಹೇಳಲಿಲ್ಲ. ಸೇತುವೆಯನ್ನು ಕತೆಗಾರ ಆಮೇಲೆ ತಂದು ನಿಲ್ಲಿಸಿದ್ದು. ಅಮ್ಮ ಆ ಎರಡನೆಯ ಪುಸ್ತಕ ನೋಡಿ ಒಲೆಗೆ ಹಾಕಿದಳು. ಅಂದಿನಿಂದ ಮನೆಯೊಳಗೆ ಮುಗಿಲಮಲ್ಲನಿಗೆ ಪ್ರವೇಶವಿರಲಿಲ್ಲ. ಭುಜದ ಮಾತೂ ಇರಲಿಲ್ಲ. ಅಮ್ಮ ಅಣ್ಣನ ಅಂಗಿಗಳ ಎಡಗಡೆಗೆ ಒಳಗಿನಿಂದ ಬಟ್ಟೆಯ ದಿಂಡು ಹೊಲಿಯುತ್ತಿದ್ದಳು. ಅವಳು ಹೋದಮೇಲೆ ತಂಗಿ ಹೊಲಿಯುತ್ತಿದ್ದಳು. ಹಾಸಿಗೆಯ ವಿಷಯ ಅಣ್ಣ ಒಂದು ದಿನವೂ ಎತ್ತಿ ಆಡಲಿಲ್ಲ. ಆಡಿದ್ದರೆ ಒಂದು ಸಲ ಜಗಳವಾಡಿ ಮುಗಿಸಬಹುದಿತ್ತು.

ಅಣ್ಣ ಬೀಗದ ಕೈ ಮಾಡುವವನಾದ. ಎದೆಮಟ್ಟಕ್ಕಿಂತ ಮೇಲೆ ಕೈ ಏಳದವನಿಗೆ ಅದು ಹೊಂದಿದ ಕೆಲಸ. ಮದುವೆಯಾಗಲಿಲ್ಲ. ಮನೆಯಲ್ಲಿರುವ ಏಳೆಂಟು ಫೋಟೋಗಳಲ್ಲೂ ಅವನು ನಿಂತಿರುವುದು ಬಾಗಿಲಿನ ಚೌಕಟ್ಟಿನ ಪಕ್ಕದಲ್ಲೋ ಯಾರದೋ ಹಿಂದೆಯೋ, ಎಡಗಡೆ ಕಾಣದಂತೆ. ಈಗ ಅರವತ್ತಮೂರು. ಕಬ್ಬಿಣದ ಪುಡಿ ಕುಡಿದ ಶ್ವಾಸಕೋಶ ಎರಡೂ ಕೈಕೊಟ್ಟಿದ್ದವು. ಕಿಟಕಿಯ ಪಕ್ಕದ ಮಂಚದಲ್ಲಿ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡು ಕೂತೇ ಇರುತ್ತಿದ್ದ. ಡಾಕ್ಟರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕಕ್ಕೆ ಇಳಿದಿದ್ದರು.

'ಮೊದಲ ಜಿಗಿತ'ದ ಸುದ್ದಿಯನ್ನು ತಂಗಿ ಹೇಳಬಾರದೆಂದುಕೊಂಡೇ ಹೇಳಿದ್ದಳು. ಮುಗಿಲಮಲ್ಲನ ಹೆಸರು ಆ ಮನೆಯಲ್ಲಿ ಎದ್ದದ್ದು ನಲವತ್ತೊಂಬತ್ತು ವರ್ಷದ ಮೇಲೆ.

"ನೋಡ್ಬೇಕು ಕಣೇ ಪುಟ್ಟಿ," ಎಂದ ಅಣ್ಣ. ಐವತ್ತೈದರ ಹೆಂಗಸನ್ನು ಪುಟ್ಟಿ ಎನ್ನುವವನು ಅವನೊಬ್ಬನೇ. ಕಾರ್ಖಾನೆಯಲ್ಲಿ ಪುಟ್ಟಿಯೆಂದರೆ ಬಿರುಕಿಗೆ ಮೆತ್ತುವ ಮಸಾಲೆ. "ಅಷ್ಟರವರೆಗೆ ಇರ್ತೀನಿ. ಭುಜ ಒಂದು ಸರಿಯಾಗಿರ್ಲಿ. ಅದೊಂದು ನೋಡ್ಕೋ."

"ನಾನಿರೋವಾಗ ಯಾರು ಮುಟ್ತಾರೆ?" ಎಂದಳು ತಂಗಿ.

ಆದರೆ ಮುಟ್ಟಿಯಾಗಿತ್ತು. ಮೊದಲ ಮಾದರಿ ಕೆಲಸದ ಕೋಣೆಗೆ ಬಂದ ದಿನ ಅವಳು ಅದರ ಎರಡು ಭುಜಗಳ ಮೇಲೆ ಒಂದು ಅಡ್ಡಪಟ್ಟಿಯಿಟ್ಟು ನೋಡಿದಳು. ಪಟ್ಟಿ ಕೂದಲೆಳೆಯಷ್ಟೂ ವಾಲಲಿಲ್ಲ. ಮಾದರಿ ಮಾಡಿದವನು ಕಂಪ್ಯೂಟರಿನಲ್ಲಿ ಕಡೆಯುವ ಶಿಲ್ಪಿ. ಮೈಯ ಅರ್ಧ ಮಾತ್ರ ಮಾಡಿ, ಮಿಕ್ಕರ್ಧವನ್ನು ಯಂತ್ರದಿಂದ ಪ್ರತಿಬಿಂಬ ತೆಗೆಸಿ ಅಂಟಿಸುವುದು ಅವನ ಪದ್ಧತಿ. ಹಾಗಾಗಿ ಅವನ ಹೆಸರೇ ಕನ್ನಡಿ ಎಂದಾಗಿತ್ತು.

"ಅರ್ಧ ಮಾಡಿದ್ರೆ ಇನ್ನರ್ಧ ಅದೇ ಮಾಡ್ಕೊಳ್ಳತ್ತೆ ಕಣ್ಣಕ್ಕ," ಎಂದ ಕನ್ನಡಿ. "ದೇವರೂ ಹೀಗೇ ಮಾಡಿರ್ತಾನೆ. ಕೈಕಾಲು ಮಾತ್ರ ಆಮೇಲೆ ತಿರುಗಿಸಿದೀನಿ. ಭುಜ ಮರ್ತೇ ಹೋಯ್ತು."

ಮರೆತದ್ದನ್ನು ನೆನಪಿಸಲು ಅವಳು ಮ್ಯಾನೇಜರನ ಬಳಿಗೆ ಹೋದಳು. ಅವನು ಆಗಲೇ ಮಾದರಿಗೆ ಮೇಲಿನವರ ಒಪ್ಪಿಗೆ ಪಡೆದಿದ್ದ. ಒಪ್ಪಿಗೆಯಾದದ್ದನ್ನು ಬದಲಿಸಲು ಒಂದು ಫಾರಮ್ಮಿದೆಯೆಂದ, ಅದರಲ್ಲಿ 'ಬದಲಾವಣೆಗೆ ಕಾರಣ' ಎಂಬ ಚೌಕವಿದೆಯೆಂದ, ಗುರುವಾರ ಅಚ್ಚು ತೆಗೆಯುವುದರೊಳಗೆ ತುಂಬಿಕೊಡಬೇಕೆಂದ. ಚೌಕ ಚಿಕ್ಕದು, ಒಂದೇ ಸಾಲಿನಲ್ಲಿ ಬರೆಯಿರಿ ಎಂದೂ ಸೇರಿಸಿದ.

ಅವಳು ಪೆನ್ನು ಹಿಡಿದು ಆ ಚೌಕದ ಮುಂದೆ ಮಧ್ಯಾಹ್ನದ ಊಟದ ಹೊತ್ತನ್ನೆಲ್ಲ ಕಳೆದಳು. ಕಾರಣವೇನೋ ಇತ್ತು. ಶೆಡ್ಡು, ಮೇಜಿನ ಹೊದಿಕೆ, ಗೋಡೆಯ ಮೇಲಿನ ಒದ್ದೆ ಹಾಸಿಗೆ. ಅದನ್ನು ಒಂದು ಸಾಲಿಗೆ ಇಳಿಸುವುದಾಗಲಿಲ್ಲ. ಇಳಿಸಿದರೂ ಆ ಮ್ಯಾನೇಜರ್ ಅದನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸುವ ಪೈಕಿ. ಕೊನೆಗೆ 'ಮೂಲದಲ್ಲಿ ಹೀಗಿದೆ' ಎಂದು ಬರೆದಳು. ಸಾಕ್ಷಿಗೆ ಕೋಣೆಯ ಗೋಡೆಗೆ ಅಂಟಿಸಿದ್ದ ಮೊದಲ ಪುಸ್ತಕದ ಮುಖಪುಟವನ್ನು ಕಿತ್ತು ಜೊತೆಗಿಟ್ಟಳು. ಅದರಲ್ಲಿ ಮುಗಿಲಮಲ್ಲ ಹಾರುತ್ತಿದ್ದ, ಎಡಭುಜ ಅರ್ಧ ಬೆರಳು ಕೆಳಗಿತ್ತು. ಮುಖಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ 'ಮರುಮುದ್ರಣ' ಎಂದಿತ್ತು. ಸಣ್ಣ ಅಕ್ಷರವನ್ನು ಮ್ಯಾನೇಜರ್ ಓದಲಿಲ್ಲ, ಫಾರಮ್ಮಿಗೆ ರುಜು ಹಾಕಿದ. ಅವಳು ಇಪ್ಪತ್ತೆರಡು ವರ್ಷ ದಿನವೂ ಓದಿದ್ದಳು, ಓದಿ ಓದಿ ಅದು ಕಾಣುವುದು ನಿಂತಿತ್ತು.

ಮಾದರಿಯ ಕಂಕುಳಿನಿಂದ ಕುತ್ತಿಗೆಯ ಬುಡದವರೆಗೆ ಅವಳೇ ಸಣ್ಣ ಗರಗಸ ಹಿಡಿದು ಕೊಯ್ದಳು. ಬೇರೆ ಯಾರ ಕೈಗೂ ಕೊಡಲಿಲ್ಲ. ಒಂದು ಬೆಣೆಯಷ್ಟು ತೆಗೆದು, ಭುಜವನ್ನು ಕೆಳಗಿಳಿಸಿ, ಸಂದಿಗೆ ಪುಟ್ಟಿ ತುಂಬಿ, ರಬ್ಬರಿನ ಪಟ್ಟಿ ಬಿಗಿದು ಒಣಗಲು ಬಿಟ್ಟಳು. ಎಷ್ಟು ಇಳಿಸಬೇಕೆಂದು ಅಳೆಯಬೇಕಾಗಲಿಲ್ಲ. ಆ ಇಳಿಜಾರಿಗೆ ದಿಂಡು ಹೊಲಿದ ಕೈ ಅದು. ಕನ್ನಡಿ ಪಕ್ಕದಲ್ಲಿ ನಿಂತು ನೋಡಿ, ಮನುಷ್ಯನೇ ಎದ್ದು ಬಂದಹಾಗಿದೆಯಲ್ಲ ಎಂದ. ಅವನು ಹೊಗಳಿದ್ದು ಅದೇ ಮೊದಲು, ಅದೂ ತಾನು ಮಾಡದ ಭಾಗವನ್ನು.

ಅಚ್ಚಿನಿಂದ ಬಂದ ಮೊದಲ ಹತ್ತರಲ್ಲಿ ಒಂದರ ಮಂಡಿಯಲ್ಲಿ ಗುಳ್ಳೆ ಎದ್ದಿತ್ತು. ರದ್ದಿಗೆ ಹೋಗಬೇಕಾದ ಅದನ್ನು ಕೇಳಿ ತೆಗೆದುಕೊಂಡು, ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು. ಬಣ್ಣವಿಲ್ಲ, ಕಣ್ಣಿಲ್ಲ, ಬೂದು ಮೈ. ಮಂಚದ ಪಕ್ಕದ ಸ್ಟೂಲಿನ ಮೇಲೆ ನಿಲ್ಲಿಸಿ, ಕಿಟಕಿಯ ಪರದೆ ಸರಿಸಿದಳು. ಸಂಜೆಯ ಬಿಸಿಲು ಸರಿಯಾಗಿ ಎಡಗಡೆಗೇ ಬಿತ್ತು.

ಅಣ್ಣ ನೋಡಿದ. ಕೈ ಚಾಚಿ ಮೂರ್ತಿಯ ಬಲಭುಜ ಮುಟ್ಟಿದ, ಎಡಭುಜ ಮುಟ್ಟಿದ. ಹಲ್ಲು ಸರಿಯಿಲ್ಲದ ಬೀಗದ ಕೈಯನ್ನು ಬೆರಳಲ್ಲೇ ಕಂಡುಹಿಡಿಯುತ್ತಿದ್ದನಲ್ಲ, ಹಾಗೆ.

"ಇದ್ಯಾರು ಮಾಡಿದ್ದು?"

"ನಾನೇ. ನೆಟ್ಟಗೆ ಮಾಡಿಟ್ಟಿದ್ರು ಅಣ್ಣ. ಫಾರಂ ಬರ್ದು, ಜಗಳ ಆಡಿ, ನಾನೇ ಕೊಯ್ದು ಸರಿ ಮಾಡ್ದೆ."

ಅವನು ಮಂಚದಡಿಯ ತಗಡಿನ ಡಬ್ಬಿ ತೆಗೆಯೆಂದ. ಅವನ ಕೆಲಸದ ಡಬ್ಬಿ, ಅವಳು ಎಂದೂ ತೆರೆಯದ್ದು. ಕೊರೆಯದ ಬೀಗದ ಕೈಗಳ ಗೊಂಚಲಿನಡಿ, ಎಣ್ಣೆಬಟ್ಟೆಯ ನಾಲ್ಕು ಮಡಿಕೆಯೊಳಗೆ ಒಂದು ಪುಸ್ತಕವಿತ್ತು. ಮೊದಲ ಪುಸ್ತಕ, ಮೊದಲ ಮುದ್ರಣ. ಕಪಾಟಿಗೆ ಬೀಗ ಹಾಕುವ ಗಂಡಸರು ಮನೆ ಮಾರಿ ಕೊಳ್ಳುವಂಥದ್ದು. ಮುಖಪುಟದಲ್ಲಿ ಮುಗಿಲಮಲ್ಲ ಹಾರುತ್ತಿದ್ದ. ಎರಡು ಭುಜವೂ ತಕ್ಕಡಿಯ ದಂಡಿಗೆಯಂತೆ ಸಮವಾಗಿದ್ದವು.

"ಅಪ್ಪ ಆಸ್ಪತ್ರೆಗೆ ತಂದುಕೊಟ್ಟಿದ್ದು," ಎಂದ ಅಣ್ಣ, ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತ. "ಆರು ಸಲ ಹಾರಿದ್ನಲ್ಲ, ಆ ನಾನು ಇದು. ಏಳನೇದಕ್ಕೆ ಮುಂಚಿನವನು. ಮರುಮುದ್ರಣ ಮಾಡ್ದಾಗ ಯಾರೋ ಪುಣ್ಯಾತ್ಮ, ಮುದುಕ ಮರ್ತಿದಾನೆ ಅಂತ ಇದನ್ನೂ ಇಳಿಸಿಬಿಟ್ಟ. ಎಲ್ಲಾ ಪುಸ್ತಕದಲ್ಲೂ ಸೊಟ್ಟ. ಒಂದ್ರಲ್ಲಾದ್ರೂ ಸರಿಯಾಗಿರ್ಲಿ ಅಂತ ಕೇಳ್ದೆ."

ಅವಳಿಗೆ ಆ ಮಾತು ಈಗ ತಲುಪಿತು. ಅವಳ ಕೆಲಸದಲ್ಲಿ ಸರಿ ಎಂದರೆ ಮೂಲದಲ್ಲಿದ್ದಹಾಗೆ. ಅಣ್ಣನ ಬಾಯಲ್ಲಿ ಸರಿ ಎಂದರೆ ನೆಟ್ಟಗೆ. ಸೋಮಾರಿ ಯಂತ್ರವೊಂದು ಮರೆತು ಸರಿಯಾಗಿ ಮಾಡಿಟ್ಟಿತ್ತು. ಅದನ್ನು ಅವಳು ಗರಗಸ ಹಿಡಿದು, ಫಾರಂ ತುಂಬಿ ಮುರಿದಿದ್ದಳು. ಅಣ್ಣನ ಭುಜವನ್ನು ಅವಳು ಎರಡನೆಯ ಸಲ ಇಳಿಸಿದ್ದಳು.

"ಹೋಗ್ಲಿ ಬಿಡು," ಎಂದ ಅವನು. "ಚೆನ್ನಾಗೇ ಮಾಡಿದೀಯ. ನನ್ನ ಹಾಗೇ ಇದೆ."

ಮರುದಿನ ಅವಳು ಮ್ಯಾನೇಜರನ ಮುಂದೆ ಮತ್ತೆ ಫಾರಂ ಕೇಳಿದಳು.

"ಮೊನ್ನೆ ಸರಿ ಮಾಡ್ಬೇಕು ಅಂದ್ರಿ, ಮಾಡಿದ್ರಿ. ಇವತ್ತು ಮತ್ತೆ ಸರಿ ಮಾಡ್ಬೇಕು ಅಂತೀರಿ," ಎಂದ ಅವನು, ಕೋಪವೇನೂ ಇಲ್ಲದೆ. "ನಿಮ್ಮಲ್ಲಿ ಎಷ್ಟು ಸರಿ ಇದೆ ಕಣ್ಣಕ್ಕ?" ಇನ್ನೂರು ಮೂರ್ತಿ ಆಗಲೇ ಎರಕವಾಗಿದ್ದವು, ಕಾರ್ಡು ಅಚ್ಚಾಗಿತ್ತು. ಫಾರಂ ಕೊಡಲಿಲ್ಲ.

ಉಳಿದದ್ದು ಮನೆಯಲ್ಲಿದ್ದ ಒಂದು. ಅಂದು ಅರ್ಧ ದಿನ ರಜೆ ಹಾಕಿ, ಗರಗಸವನ್ನೂ ಪುಟ್ಟಿಯ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಬಂದಳು. ಅಡುಗೆಮನೆಯ ಮೇಜಿನ ಮೇಲೆ ಮುಗಿಲಮಲ್ಲನನ್ನು ಮಲಗಿಸಿ ಮಾದರಿಯಲ್ಲಿ ತಾನು ಕೊಯ್ದಿದ್ದ ಗೆರೆಯಲ್ಲೇ ಇದನ್ನೂ ಕೊಯ್ದಳು. ಇಳಿಸಿದ್ದನ್ನು ಎತ್ತುವಾಗ ಸಂದಿ ದೊಡ್ಡದಾಯಿತು, ಬಾಯಿ ತೆರೆದ ಹಾಗೆ. ತುಂಬಲು ಪುಟ್ಟಿ ಬಹಳ ಬೇಕಾಯಿತು. ಪಕ್ಕದ ಕೋಣೆಯಿಂದ ಅಣ್ಣ ಏನು ಶಬ್ದವೆಂದು ಕೇಳಿದ. ಅವಳು ಹೇಳಿದಳು.

"ಯಾವಾಗ ಆಗುತ್ತೆ?"

"ಪುಟ್ಟಿ ಗಟ್ಟಿಯಾಗ್ಬೇಕು ಅಣ್ಣ. ನಾಳೆ ಸಂಜೆವರೆಗೆ ಅಲ್ಲಾಡಿಸೋ ಹಾಗಿಲ್ಲ."

"ನಮ್ಮ ಪುಟ್ಟಿ ಇನ್ನೂ ಗಟ್ಟಿಯಾಗಿಲ್ಲ," ಎಂದು ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಮರುದಿನ ಹನ್ನೊಂದು ಗಂಟೆಯ ಹೊತ್ತಿಗೆ ಅವನು ಹೋದ. ಅವಳು ಅಂಗಿ ತೊಡಿಸುವಾಗ ಎಡಗಡೆಯ ದಿಂಡು ಸರಿಪಡಿಸಿ ಗುಂಡಿ ಹಾಕಿದಳು. ಹೊತ್ತವರಿಗೆ ಏನೂ ಗೊತ್ತಾಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಆ ಇನ್ನೊಬ್ಬ ರಬ್ಬರ್ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ. ಹೇಳಿದ ಹೊತ್ತಿಗೆ ಸರಿಯಾಗಿ, ಸಂಜೆಗೆ, ಅವನ ಭುಜ ಗಟ್ಟಿಯಾಯಿತು.

ನಾಲ್ಕನೆಯ ದಿನ ಅವಳು ಕೆಲಸಕ್ಕೆ ಬಂದಳು. ಮೊದಲ ಇನ್ನೂರು ಮುಗಿಲಮಲ್ಲರು ನೀಲಿ ಬಟ್ಟೆ, ಕೆಂಪು ಮೇಲುವಸ್ತ್ರ ತೊಟ್ಟು, ಎಡಭುಜ ಇಳಿಸಿಕೊಂಡು, ಕಣ್ಣಿಗಾಗಿ ಕಾದಿದ್ದರು. ಅವಳು ಒಬ್ಬೊಬ್ಬರನ್ನೇ ಎತ್ತಿಕೊಂಡು ಉಸಿರು ಬಿಗಿಹಿಡಿದು ಎರಡು ಚುಕ್ಕೆ ಇಡುತ್ತ ಹೋದಳು. ನಲವತ್ತೋ ಐವತ್ತೋ ಆದಮೇಲೆ ಕನ್ನಡಿ ಬಂದು ಬಗ್ಗಿ ನೋಡಿದ. ಎಲ್ಲರ ಮುಖವೂ ಮುಗಿಲಿನ ಕಡೆಗಿತ್ತು. ಎಲ್ಲರ ಕಣ್ಣೂ ಕೆಳಗಿತ್ತು.

"ಕಣ್ಣಕ್ಕ, ನಕ್ಷೆಯಲ್ಲಿ ಮೇಲೆ ನೋಡ್ತಿರ್ಬೇಕು ಅಂತಿದೆ."

"ಗೊತ್ತು," ಎಂದಳು ಅವಳು, ಬ್ರಶ್ಶನ್ನು ಬಣ್ಣಕ್ಕೆ ಅದ್ದುತ್ತ. "ಕೆಳಗೆ ಏನಾದ್ರೂ ಹಾಸಿದಾರಾ ಅಂತ ನೋಡ್ಕೊಳ್ಲಿ. ಆಮೇಲೆ ಹಾರ್ಲಿ."

ಕನ್ನಡಿಗೆ ಅರ್ಥವಾಗಲಿಲ್ಲ. ಆದರೆ ಫಾರಂ ತರಲು ಅವನು ಹೋಗಲಿಲ್ಲ. ಮುಂದಿನ ಹಲಗೆಯನ್ನು ಅವಳ ಕೈಗೆಟುಕುವಂತೆ ಹತ್ತಿರ ಎಳೆದಿಟ್ಟ.